ಗುಣವಾದ ಮೇಲಿನ ಇಪ್ಪತ್ಮೂರು ವರ್ಷ

ನನ್ನ ತಲೆಯ ಹಿಂಭಾಗದಲ್ಲಿ, ಕುತ್ತಿಗೆಯಿಂದ ಮೇಲಕ್ಕೆ, ಅರ್ಧ ಗೇಣು ಉದ್ದದ ಒಂದು ಗೆರೆ ಇದೆ. ಅದರ ಆಚೀಚೆ ಕೂದಲು ಬೆಳೆಯುವುದಿಲ್ಲ. ಜಡೆ ಹಾಕಿದರೆ ಕಾಣುತ್ತದೆಂದು ಚಿಕ್ಕಂದಿನಲ್ಲಿ ಅಮ್ಮ ನನಗೆ ತುರುಬು ಕಟ್ಟುತ್ತಿದ್ದಳು. ಈಗ ನಾನೇ ಕಟ್ಟಿಕೊಳ್ಳುತ್ತೇನೆ. ಎಂಟನೆಯ ವಯಸ್ಸಿನಲ್ಲಿ ನನ್ನ ಮೆದುಳಿನಲ್ಲಿ ಗೆಡ್ಡೆ ಬೆಳೆದಿತ್ತು. ತೆಗೆದರು, ಗುಣವಾಯಿತು. ಗೆಡ್ಡೆಯ ಕಥೆ ಒಂದು ವರ್ಷದ್ದು. ಗುಣವಾದ ಮೇಲಿನ ಕಥೆ ಇಪ್ಪತ್ಮೂರು ವರ್ಷದ್ದು. ಹಾಗೊಂದು ಕಥೆ ಇರುತ್ತದೆಂದು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಎಷ್ಟೋ ಅಳು ಉಳಿಯುತ್ತಿತ್ತು ಅನ್ನಿಸಿ ಬರೆಯಲು ಕೂತಿದ್ದೇನೆ.

ಇದನ್ನು ಬರೆಯಲು ನನಗೆ ಮೂರು ತಿಂಗಳು ಹಿಡಿದಿದೆ. ನಿನ್ನೆ ಬರೆದದ್ದನ್ನು ಇವತ್ತು ಪೂರ್ತಿ ಓದದೆ ನಾನು ಮುಂದಿನ ಸಾಲಿಗೆ ಹೋಗಲಾರೆ. ಯಾಕೆಂದು ಮುಂದೆ ತಿಳಿಯುತ್ತದೆ.

ನಾನು ಹುಟ್ಟಿ ಬೆಳೆದದ್ದು ಕಾರ್ಗಲ್‌ನ ಕ್ವಾರ್ಟರ್ಸ್‌ನಲ್ಲಿ. ಅಜ್ಜನ ಗದ್ದೆ ಅಣೆಕಟ್ಟಿನ ನೀರಿನಡಿ ಹೋದ ಮೇಲೆ ನಮ್ಮ ಅಪ್ಪಯ್ಯನಿಗೆ ಆ ಅಣೆಕಟ್ಟಿನಲ್ಲೇ ಮೆಕ್ಯಾನಿಕ್ ಕೆಲಸ ಸಿಕ್ಕಿತ್ತು. ಒಂದೇ ಥರದ ಮನೆಗಳ ಸಾಲು, ಸಂಜೆ ಎಲ್ಲರ ಮನೆಯಲ್ಲೂ ಒಂದೇ ಹೊತ್ತಿಗೆ ಕುಕ್ಕರ್ ಕೂಗುತ್ತಿತ್ತು. ಮೂರನೇ ಕ್ಲಾಸಿನಲ್ಲಿ ನಾನು ಓದಿನಲ್ಲಿ ಮೊದಲಿಗಳು. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಆಮೇಲೆ ನಡೆದದ್ದಕ್ಕೆ ಇದು ಗೊತ್ತಿರಬೇಕು. ಹದಿನಾರರವರೆಗೆ ಮಗ್ಗಿ ತಪ್ಪಿಲ್ಲದೆ ಹೇಳುತ್ತಿದ್ದೆ. ಅಪ್ಪಯ್ಯ ತನ್ನ ಜೊತೆ ಕೆಲಸ ಮಾಡುವವರನ್ನು ಮನೆಗೆ ಕರೆದು ನನ್ನಿಂದ ಮಗ್ಗಿ ಹೇಳಿಸುತ್ತಿದ್ದ.

ಆ ವರ್ಷ ಬೆಳಗ್ಗೆ ಎದ್ದ ಕೂಡಲೇ ವಾಂತಿ ಶುರುವಾಯಿತು. ವಾಂತಿಯಾದ ಮೇಲೆ ಹಗುರಾಗಿ ಶಾಲೆಗೆ ಓಡುತ್ತಿದ್ದೆ, ಹಾಗಾಗಿ ಅಮ್ಮ ಪಿತ್ತವೆಂದುಕೊಂಡಳು. ನಂತರ ತಲೆನೋವು ಬಂತು. ಆಮೇಲೆ ನಡೆಯುವಾಗ ಒಂದು ಕಡೆಗೆ ವಾಲತೊಡಗಿದೆ. "ಹಿನ್ನೀರಿನ ಲಾಂಚಿನ ಮೇಲೆ ನಿಂತೋರ ಹಾಗೆ ನಡೀತಾಳಲ್ಲ ನಿಮ್ಮ ಮಗಳು," ಎಂದು ಟೀಚರ್ ಅಮ್ಮನಿಗೆ ಹೇಳಿದರು. ಸಾಗರದ ಡಾಕ್ಟರು ನನ್ನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಅದುವರೆಗೆ ನನ್ನ ಹತ್ತಿರ ತಮಾಷೆ ಮಾಡುತ್ತಿದ್ದವರು ಟಾರ್ಚ್ ಕೆಳಗಿಟ್ಟು ಅಪ್ಪಯ್ಯನಿಗೆ, "ಮನೆಗೆ ಹೋಗ್ಬೇಡಿ. ಇಲ್ಲಿಂದಲೇ ಬೆಂಗಳೂರಿಗೆ ಹೊರಡಿ," ಎಂದರು. ನಾವು ಹಾಗೆಯೇ ಹೊರಟೆವು. ಅಮ್ಮ ಒಲೆಯ ಪಕ್ಕ ಬೇಳೆ ನೆನೆಸಿಟ್ಟು ಬಂದಿದ್ದಳು. ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದಳು.

ಆಪರೇಷನ್ ಆಯಿತು. ಗೆಡ್ಡೆ ಪೂರ್ತಿ ಬಂತು. ಮರುದಿನ ಅಮ್ಮನನ್ನು ನೋಡಿ ಎರಡು ಮಾತಾಡಿದೆನಂತೆ. ಅದರ ಮರುದಿನದಿಂದ ನನ್ನ ಮಾತು ನಿಂತುಹೋಯಿತು.

ಐದು ವಾರ ನಾನು ಒಂದು ಶಬ್ದವನ್ನೂ ಆಡಲಿಲ್ಲ. ಎಲ್ಲ ಕೇಳಿಸುತ್ತಿತ್ತು, ಎಲ್ಲ ತಿಳಿಯುತ್ತಿತ್ತು. ಹೇಳಬೇಕಾದ ಮಾತು ಮನಸ್ಸಿನಲ್ಲಿ ಸಿದ್ಧವಾಗಿರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಈ ಆಪರೇಷನ್ ಆದ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಮಾತು ವಾಪಸು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ. ಅಮ್ಮ ದಿನವಿಡೀ ನನ್ನ ಹತ್ತಿರ ಮಾತಾಡುತ್ತಿದ್ದಳು. ಕ್ವಾರ್ಟರ್ಸ್‌ನ ಒಂದೊಂದು ಮನೆಯ ಸುದ್ದಿಯನ್ನೂ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಒಂದು ದಿನ ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನಾನು ಹೇಳಿದೆ: "ಉಪ್ಪಿಲ್ಲ."

ಅಮ್ಮ ಚಮಚ ಹಿಡಿದುಕೊಂಡೇ ಕೂತಳು. ಪಕ್ಕದ ಹಾಸಿಗೆಯ ಮಗುವಿನ ತಾಯಿ ಎದ್ದು ಹೋಗಿ ತನ್ನ ಚೀಲದಿಂದ ಒಂದು ಚಿಟಿಕೆ ಉಪ್ಪು ತಂದು ಗಂಜಿಗೆ ಹಾಕಿದಳು. ಆ ಹೆಂಗಸಿನ ಹೆಸರು ಈಗಲೂ ನಮಗೆ ಗೊತ್ತಿಲ್ಲ.

ಆಮೇಲೆ ವಿಕಿರಣ ಚಿಕಿತ್ಸೆ, ತಲೆಗೆ ಮತ್ತು ಬೆನ್ನುಹುರಿಗೆ. ನನ್ನ ಮುಖದ ಅಚ್ಚಿಗೆ ಸರಿಯಾಗಿ ಒಂದು ಪ್ಲಾಸ್ಟಿಕ್ ಬಲೆಯ ಮುಖವಾಡ ಮಾಡಿ, ಅದನ್ನು ಮೇಜಿಗೆ ಬಿಗಿದು, ಎಲ್ಲರೂ ಹೊರಗೆ ಹೋಗಿ ದಪ್ಪನೆಯ ಬಾಗಿಲು ಹಾಕುತ್ತಿದ್ದರು. ಒಳಗೆ ನಾನೊಬ್ಬಳೇ. ಮೊದಲ ದಿನ ಹೆದರಿ ಕಿರುಚಿದ್ದಕ್ಕೆ, ಮಶೀನು ನಡೆಸುವವರು ಅಪ್ಪಯ್ಯನನ್ನು ತಮ್ಮ ಕೋಣೆಗೆ ಕರೆದು ಮೈಕಿನ ಮುಂದೆ ಕೂರಿಸಿದರು. ಅಪ್ಪಯ್ಯನಿಗೆ ಕಥೆ ಹೇಳಲು ಬರುವುದಿಲ್ಲ. ಕಾರ್ಗಲ್‌ನಿಂದ ಸಾಗರಕ್ಕೆ ಹೋಗುವ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ಯಾರು ಹತ್ತುತ್ತಾರೆ, ಯಾರು ಇಳಿಯುತ್ತಾರೆ ಎಂದು ಹೇಳತೊಡಗಿದ. "ಈಗ ತಾಳಗುಪ್ಪ ಬಂತು ಮಗಾ. ರೈಲ್ವೆ ಗೇಟು ಹಾಕಿದಾರೆ. ಕಾಯ್ಬೇಕು." ಅಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತಿತ್ತು. ಆರು ವಾರ ದಿನಾ ಆ ಬಸ್ಸು ತಾಳಗುಪ್ಪದವರೆಗೆ ಹೋಯಿತು, ಸಾಗರ ಮುಟ್ಟಲೇ ಇಲ್ಲ. ಅದಾದ ಮೇಲೆ ಕೀಮೋ. ಅದರ ಬಗ್ಗೆ ನಾನು ಬರೆಯುವುದಿಲ್ಲ. ಬರೆಯುವಷ್ಟು ನೆನಪೂ ಇಲ್ಲ.

ಮರುವರ್ಷ ಕಾರ್ಗಲ್‌ಗೆ ವಾಪಸು ಬಂದಾಗ ಇಡೀ ಸಾಲಿನವರು ನಮ್ಮ ಮನೆಗೆ ಬಂದರು. ಕೇಸರಿಬಾತು ಮಾಡಿದ್ದರು. "ಗುಣ ಆಯ್ತಲ್ಲ, ಇನ್ನೆಂತ ಹೆದ್ರಿಕೆ," ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಶಾಲೆಯಲ್ಲಿ ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಹಳೆಯದೆಲ್ಲ ನೆನಪಿತ್ತು, ಅದರಲ್ಲೇ ನಡೆಯಿತು. ತೊಂದರೆ ಹೊಸದರಲ್ಲಿತ್ತು. ಟೀಚರ್ ಬೋರ್ಡಿನ ಮೇಲೆ ಬರೆದ ಸಾಲನ್ನು ನಾನು ನೋಡಿ, ಕಣ್ಣು ಪುಸ್ತಕಕ್ಕೆ ಇಳಿಸುವಷ್ಟರಲ್ಲಿ ಅದು ಇರುತ್ತಿರಲಿಲ್ಲ. ಮತ್ತೆ ತಲೆ ಎತ್ತುತ್ತಿದ್ದೆ. ಅಷ್ಟರಲ್ಲಿ ಬೋರ್ಡು ಒರೆಸಿರುತ್ತಿದ್ದರು. ಪ್ರಶ್ನೆ ಕೇಳಿದರೆ ಉತ್ತರ ನನಗೆ ಗೊತ್ತಿರುತ್ತಿತ್ತು, ಅದು ಎದ್ದು ಬರುವ ಹೊತ್ತಿಗೆ ಬೇರೆ ಯಾರೋ ಹೇಳಿ ಕೂತಿರುತ್ತಿದ್ದರು. ಬಲಗಿವಿ ಮಂದವಾಗಿದೆ ಎಂಬುದು ನನಗೇ ಗೊತ್ತಿರಲಿಲ್ಲ. ಬಲಗೈ ಬರೆಯುವಾಗ ಸಣ್ಣಗೆ ನಡುಗುತ್ತಿತ್ತು.

ಎತ್ತರವೂ ನಿಂತುಹೋಯಿತು. ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಸುಧಾ ಹತ್ತನೇ ವಯಸ್ಸಿಗೆ ನನ್ನನ್ನು ದಾಟಿದಳು. ಆಮೇಲೆ ಅವಳಿಗೆ ಗಿಡ್ಡವಾದ ಲಂಗ, ಅಂಗಿಗಳು ನನಗೆ ಬರತೊಡಗಿದವು. ಎಲ್ಲರ ಮನೆಯಲ್ಲೂ ಅಕ್ಕನ ಬಟ್ಟೆ ತಂಗಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಹಿಂದುಮುಂದಾಗಿತ್ತು. ಸುಧಾ ಅದನ್ನು ಒಮ್ಮೆಯೂ ಆಡಿ ತೋರಿಸಲಿಲ್ಲ. ಹೊಸ ಬಟ್ಟೆ ಹೊಲಿಸುವಾಗ, "ಅಕ್ಕಂಗೆ ಯಾವ ಬಣ್ಣ ಇಷ್ಟವೋ ಅದೇ ತಗಳಿ," ಎನ್ನುತ್ತಿದ್ದಳು, ಅಷ್ಟೇ.

ಸಂಜೆಗಳು ಕಷ್ಟವಾಗಿದ್ದವು. ಅಪ್ಪಯ್ಯ ಕೆಲಸದಿಂದ ಬಂದು, ಕೈಕಾಲು ತೊಳೆದು, ಚಹಾ ಕೂಡ ಕುಡಿಯದೆ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದ. ಹದಿನೇಳರ ಮಗ್ಗಿ. ಹತ್ತು ಸಲ ಹೇಳಿಸಿ, ಹನ್ನೊಂದನೇ ಸಲ ನಾನು ತಪ್ಪಿಲ್ಲದೆ ಹೇಳಿದ ಮೇಲೆ ಮುಖ ಅರಳುತ್ತಿತ್ತು. ಮರುದಿನ ಸಂಜೆ ಕೇಳಿದರೆ ಒಂದೂ ಇರುತ್ತಿರಲಿಲ್ಲ.

"ನಿನ್ನೆ ಹೇಳಿದ್ಯಲ್ಲೇ."

"ನೆನಪಾಗ್ತಿಲ್ಲ ಅಪ್ಪಯ್ಯ."

"ನೆನಪಾಗ್ತದೆ. ನೀನು ಮನಸ್ಸಿಡಲ್ಲ. ಸೋಮಾರಿತನ ನಿಂಗೆ."

ಅಪ್ಪಯ್ಯ ಹೊಡೆಯುತ್ತಿರಲಿಲ್ಲ. ಎದ್ದು ಹೊರಗೆ ಹೋಗಿ ಜಗಲಿಯ ಕಂಬ ಹಿಡಿದು ನಿಲ್ಲುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದು, "ಹೂಂ, ಮತ್ತೆ ಶುರು ಮಾಡು," ಎನ್ನುತ್ತಿದ್ದ. ಹೀಗೆ ಆರು ವರ್ಷ ನಡೆಯಿತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಎರಡು ಸಲ ಬಿದ್ದೆ. ಮೂರನೇ ಸಲ ಪಾಸಾದೆ, ಪಿಯುಸಿ ಅರ್ಧಕ್ಕೆ ಬಿಟ್ಟೆ. ಅಷ್ಟರೊಳಗೆ ಸೋಮಾರಿ ಎಂಬ ಮಾತು ನನ್ನ ಹೆಸರಿನ ಹಾಗೆ ನನಗೆ ಅಂಟಿಕೊಂಡಿತ್ತು. ನಾನೂ ನಂಬಿದ್ದೆ. ಇದೇ ಎಲ್ಲಕ್ಕಿಂತ ಕೆಟ್ಟದ್ದು. ಇಷ್ಟು ಕಷ್ಟಪಟ್ಟರೂ ಬರುವುದಿಲ್ಲ ಎಂದರೆ ನಾನು ನಿಜಕ್ಕೂ ಕಷ್ಟಪಡುತ್ತಲೇ ಇಲ್ಲ, ನನಗೇ ಮೋಸ ಮಾಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ.

ಎರಡು ಅಂಗಡಿಗಳಲ್ಲಿ ಕೆಲಸಕ್ಕೆ ಸೇರಿ ಬಿಟ್ಟೆ. ಕೊನೆಗೆ ಹೊಸನಗರದಲ್ಲಿರುವ ನನ್ನ ಸೋದರತ್ತೆ ಅಲ್ಲಿಯ ಒಂದು ನರ್ಸರಿಗೆ ಸೇರಿಸಿದಳು. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಕಸಿ ಗಿಡ ಮಾಡಿ ಮಾರುವ ಜಾಗ. ನಡೆಸುವವರು ಸರೋಜಕ್ಕ, ಐವತ್ತು ದಾಟಿದ ಹೆಂಗಸು. ಮಾತು ಕಡಿಮೆ, ಕಣ್ಣು ಚುರುಕು. ನನ್ನ ಕೈ ನಡುಗುವುದನ್ನು ನೋಡಿ ಚಾಕು ಕೊಡಲಿಲ್ಲ. ಪ್ಲಾಸ್ಟಿಕ್ ಕೊಟ್ಟೆಗೆ ಮಣ್ಣು ತುಂಬುವುದು, ನೀರು ಹಾಕುವುದು, ಕಸಿ ಕಟ್ಟಿದ ಗಿಡಕ್ಕೆ ತಳಿಯ ಹೆಸರು ಬರೆದ ಚೀಟಿ ಕಟ್ಟುವುದು ನನ್ನ ಕೆಲಸ. ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಗಿಡಗಳಿಗೆ ಅವಸರವಿಲ್ಲ, ನನಗೆ ಅದು ಇಷ್ಟವಾಗಿತ್ತು.

ನನಗೆ ಇಪ್ಪತ್ತೆಂಟು ತುಂಬಿದ ವರ್ಷ ಆ ತಪ್ಪಾಯಿತು. ಸರೋಜಕ್ಕ ಬೆಳಗ್ಗೆ ಎರಡು ಕಟ್ಟು ಕಸಿ ಕಡ್ಡಿ ನನ್ನ ಕೈಗೆ ಕೊಟ್ಟು, "ಎಡಗೈಲಿರೋದು ಜೀರಿಗೆ, ಬಲಗೈಲಿರೋದು ಕರ್ಪೂರ. ಕಟ್ಟೋರಿಗೆ ಕೊಟ್ಟು ಚೀಟಿ ಬರಿ," ಎಂದರು. ಎರಡೂ ಅಪ್ಪೆಮಿಡಿಯ ತಳಿಗಳು, ವಾಸನೆಯಿಂದ ಬಂದ ಹೆಸರುಗಳು. ಶೆಡ್ಡಿಗೆ ನಲವತ್ತು ಹೆಜ್ಜೆ ಇರಬಹುದು. ನಡುವೆ ಯಾರೋ ನನ್ನನ್ನು ಕರೆದು ನಲ್ಲಿ ನಿಲ್ಲಿಸಲು ಹೇಳಿದರು. ಕಟ್ಟುಗಳನ್ನು ಕೆಳಗಿಟ್ಟು, ನಲ್ಲಿ ನಿಲ್ಲಿಸಿ, ಮತ್ತೆ ಎತ್ತಿಕೊಂಡಾಗ ಯಾವುದು ಯಾವುದೆಂದು ಉಳಿದಿರಲಿಲ್ಲ. ವಾಪಸು ಹೋಗಿ ಕೇಳಬಹುದಿತ್ತು, ಅದು ನಲವತ್ತೇ ಹೆಜ್ಜೆ. ಆದರೆ ಜೀವನದಲ್ಲಿ ಎಷ್ಟು ಸಲ "ಇನ್ನೊಂದ್ಸಲ ಹೇಳಿ" ಎಂದು ಕೇಳಿದ್ದೆನೆಂದರೆ ಆ ಮಾತು ಬಾಯಿಗೆ ಬಂದರೆ ನಾಚಿಕೆಯಾಗುತ್ತಿತ್ತು. ಒಂದನ್ನು ಜೀರಿಗೆ ಎಂದುಕೊಂಡೆ. ಮಧ್ಯಾಹ್ನ ಊಟ ಮಾಡಿ ಬಂದ ಮೇಲೆ ಇನ್ನೊಂದನ್ನು ಜೀರಿಗೆ ಎಂದುಕೊಂಡೆ.

ಮಾವಿನ ಗಿಡ ಮಿಡಿ ಬಿಡಲು ಐದಾರು ವರ್ಷ ಬೇಕು. ನೆಟ್ಟವರಿಗೆ ಮೋಸ ಗೊತ್ತಾಗುವುದು ಆಗ. ನಮ್ಮ ಪುಣ್ಯಕ್ಕೆ ಕೆಲವು ತಿಂಗಳಲ್ಲೇ ಗೊತ್ತಾಯಿತು. ಅರಳಸುರಳಿಯಿಂದ ಗಿಡ ಒಯ್ಯಲು ಬಂದ ಒಬ್ಬ ಹಿರಿಯರು ಒಂದು ಎಲೆ ಹರಿದು ಬೆರಳಲ್ಲಿ ಹಿಸುಕಿ ಮೂಗಿಗೆ ಹಿಡಿದರು.

"ಅಲ್ಲ ಸರೋಜಮ್ಮ, ಇದು ಜೀರಿಗೆ ಅಲ್ವಲ್ಲ. ನೀವೇ ನೋಡಿ."

ಸರೋಜಕ್ಕ ಮೂಸಿದರು. ಇನ್ನೊಂದು ಗಿಡದ್ದು ಮೂಸಿದರು. ಬಂದವರಿಗೆ ಕ್ಷಮೆ ಕೇಳಿ, ಒಂದು ವಾರ ಬಿಟ್ಟು ಬನ್ನಿ ಎಂದು ಕಳಿಸಿ, ನನ್ನ ಹತ್ತಿರ ಬಂದರು. "ಎಂತ ಆಯ್ತು ಹೇಳು ಶಶಿ. ಬೈಯೋದಿಲ್ಲ. ಆದ್ರೆ ನಿಜ ಹೇಳು."

ಹೇಳಿದೆ. "ಮಾತು ಕಿವಿಗೆ ಬೀಳ್ತದೆ ಅಕ್ಕ, ಒಳಗೂ ಹೋಗ್ತದೆ. ತಿರುಗಿ ನೋಡಿದ್ರೆ ಇರಲ್ಲ." ಅಳು ಬಂತು. ಅವರು ಆ ಸಾಲುಗಳನ್ನು ನೋಡುತ್ತ ನಿಂತರು. ಇನ್ನೂರಕ್ಕೂ ಹೆಚ್ಚು ಗಿಡಗಳು. ಎಲ್ಲ ಒಂದೇ ಹಾಗೆ ಕಾಣುತ್ತಿದ್ದವು. "ಎಲ್ಲಾ ಕಿತ್ತು ಎಸೀಬೇಕು. ನಂಗೆ ನಾಲ್ಕು ಮೂಸೋ ಹೊತ್ತಿಗೆ ಮೂಗು ಕಟ್ತದೆ," ಎಂದು ಒಳಗೆ ಹೋದರು.

ಕೆಲಸ ಹೋಯಿತೆಂದೇ ತಿಳಿದೆ. ಹೋಗುವ ಮೊದಲು ಮಾಡಿದ್ದನ್ನು ಸರಿ ಮಾಡಬೇಕು ಅನ್ನಿಸಿತು. ಮರುದಿನ ಭಾನುವಾರ, ಯಾರೂ ಇರುವುದಿಲ್ಲ. ಬೆಳಗ್ಗೆಯೇ ಬಂದು ಮೊದಲ ಗಿಡದ ಮುಂದೆ ಕೂತೆ. ಒಂದು ಎಲೆಯ ತುದಿ ಚಿವುಟಿದೆ, ಹಿಸುಕಿದೆ, ಮೂಸಿದೆ. ಕರ್ಪೂರ. ಚೀಟಿ ಬದಲಿಸಿ ಬರೆದೆ. ಬೆರಳನ್ನು ಬಕೆಟ್ಟಿನ ನೀರಲ್ಲಿ ತೊಳೆದು ಒರೆಸಿ, ವಾಸನೆ ಪೂರ್ತಿ ಹೋಗುವವರೆಗೆ ಕಾದು, ಎರಡನೆಯದು. ಜೀರಿಗೆ. ನನಗೆ ಆಶ್ಚರ್ಯವಾಗತೊಡಗಿದ್ದು ಮಧ್ಯಾಹ್ನದ ಹೊತ್ತಿಗೆ. ಒಂದು ಗಿಡದ ಮುಂದೆಯೂ ನಾನು ಅನುಮಾನಿಸಿರಲಿಲ್ಲ. ಹೆಸರು, ಸಂಖ್ಯೆ, ದಾರಿ ಯಾವುದೂ ನಿಲ್ಲದ ನನ್ನ ತಲೆಯಲ್ಲಿ ಈ ವಾಸನೆಗಳು ಬೆಳಗ್ಗೆ ಇದ್ದ ಜಾಗದಲ್ಲೇ ಇದ್ದವು. ನಾನು ಕರೆಯಬೇಕಾಗಿಯೂ ಇರಲಿಲ್ಲ, ತಾವೇ ಬರುತ್ತಿದ್ದವು. ಯಾರು ಇಟ್ಟರು ಇವನ್ನು ಅಲ್ಲಿ, ಯಾವಾಗ ಇಟ್ಟರು ಎಂದು ಆ ಶೆಡ್ಡಿನಲ್ಲಿ ಒಬ್ಬಳೇ ಕೂತು ಯೋಚಿಸಿದೆ. ಎರಡು ದಿನ ಹಿಡಿಯಿತು. ಸೋಮವಾರ ಸರೋಜಕ್ಕ ಬಂದು ದೂರದಲ್ಲೇ ನಿಂತು ನೋಡಿದರು, ಹತ್ತಿರ ಬರಲಿಲ್ಲ.

ಒಂದು ವಾರ ಬಿಟ್ಟು ಆ ಹಿರಿಯರು ಬಂದರು. ಎಲ್ಲೆಲ್ಲಿಂದಲೋ ಇಪ್ಪತ್ತು ಗಿಡ ಆರಿಸಿ, ನಡುನಡುವೆ ಬಿಡುವು ಕೊಟ್ಟು ಮೂಸಿ ನೋಡಿದರು. "ಸರಿ ಇದೆ," ಎಂದು ಗಿಡ ತುಂಬಿಸಿಕೊಂಡು ಹೋದರು. ಸರೋಜಕ್ಕ ನನ್ನ ಕಡೆ ತಿರುಗಿದರು. ನಮ್ಮ ಹತ್ತಿರ ಯಾವಾಗಲೂ ಊರಿನ ಕನ್ನಡದಲ್ಲಿ ಮಾತಾಡುವವರು ಅವತ್ತು ತಮ್ಮ ಮನೆಮಾತಿನಲ್ಲೇ ಹೇಳಿದರು: "ಇಂಥಾ ಮೂಗು ಆನು ನೋಡಿದ್ದಿಲ್ಲೆ ಕೂಸೆ."

ಆಮೇಲೆ ಕೇಳಿದರು: "ಇಷ್ಟನ್ನ ಹಿಡಿದಿಟ್ಟುಕೊಂಡ ತಲೆ ಎರಡು ಮಾತು ಮರೀತದೆ ಅಂದ್ರೆ ಅದು ಅಸಡ್ಡೆ ಅಲ್ಲ. ಬೇರೆ ಎಂತದೋ ಇದೆ. ಆ ಕುತ್ತಿಗೆ ಹಿಂದಿನ ಗಾಯ ಎಂತದ್ದು?"

ಹೇಳಿದೆ.

"ಕಡೇ ಸಲ ಡಾಕ್ಟ್ರಿಗೆ ತೋರಿಸಿದ್ದು ಯಾವಾಗ?"

"ಹದಿನಾಲ್ಕು ವರ್ಷ ಇದ್ದಾಗ. ಪೂರ್ತಿ ಗುಣ ಆಗಿದೆ, ಇನ್ನು ಬರೋದು ಬೇಡ ಅಂದ್ರು."

"ಮತ್ತೊಮ್ಮೆ ಹೋಗಿ ಬಾ," ಎಂದರು. "ಕೆಲಸ ಎಲ್ಲಿಗೂ ಹೋಗೋದಿಲ್ಲ."

ಅಪ್ಪಯ್ಯನಿಗೆ ಆಗ ನಿವೃತ್ತಿಯಾಗಿತ್ತು. ಜೊತೆಗೆ ಬರುತ್ತೇನೆಂದ. ಬೆಂಗಳೂರಿನ ಅದೇ ಆಸ್ಪತ್ರೆಯಲ್ಲಿ, ಮಕ್ಕಳಾಗಿದ್ದಾಗ ಈ ಕಾಯಿಲೆ ದಾಟಿ ಈಗ ದೊಡ್ಡವರಾದವರನ್ನು ನೋಡಲೆಂದೇ ವಾರಕ್ಕೊಂದು ದಿನ ಇಟ್ಟಿದ್ದಾರೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಉದ್ದನೆಯ ಹಜಾರ, ಗೋಡೆಗೆ ತಾಗಿಸಿದ ಕುರ್ಚಿಗಳು. ನಾನು ಕೂತ ಕುರ್ಚಿಯ ಎದುರಿನ ಸಾಲಿನಲ್ಲಿ ಒಬ್ಬ ಗಂಡಸು, ನಲವತ್ತರ ಹತ್ತಿರದವರು, ನೀರು ಕುಡಿಯಲು ಎದ್ದರು. ನನ್ನಷ್ಟೇ ಎತ್ತರ. ಕಾಲು ಅಗಲಿಸಿ, ನೆಲ ನೋಡಿಕೊಂಡು ನಡೆದರು. ನಾನು ನಡೆಯುವುದು ಹಾಗೆಯೇ. ನೀರು ಹಿಡಿಯಲು ಬಗ್ಗಿದಾಗ ಅವರ ತಲೆಯ ಹಿಂಭಾಗ ಕಂಡಿತು. ಕುತ್ತಿಗೆಯಿಂದ ಮೇಲಕ್ಕೆ ಒಂದು ಗೆರೆ. ಅದರ ಆಚೀಚೆ ಕೂದಲಿರಲಿಲ್ಲ.

ಇಪ್ಪತ್ತು ವರ್ಷಗಳಲ್ಲಿ ನನ್ನ ಹಾಗಿರುವ ಒಬ್ಬರನ್ನೂ ನಾನು ಕಂಡಿರಲಿಲ್ಲ. ಇದ್ದಾರೆಂದೂ ಗೊತ್ತಿರಲಿಲ್ಲ. ನಾನು ಹೆಚ್ಚು ಯೋಚಿಸದೆ ಎದ್ದು ಅವರ ಹತ್ತಿರ ಹೋಗಿ ತುರುಬು ಬಿಚ್ಚಿ ಹಿಂದೆ ತಿರುಗಿದೆ. ಅವರು ನೀರಿನ ಲೋಟ ಕೆಳಗಿಟ್ಟರು.

"ಎಷ್ಟನೇ ವಯಸ್ಸಲ್ಲಿ?" ಎಂದು ಕೇಳಿದರು.

"ಎಂಟು."

"ನಂದು ಆರು." ಅವರ ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಪುಟ್ಟ ನೋಟುಬುಕ್ಕು ತೂಗುತ್ತಿತ್ತು. ಅದನ್ನು ತೆರೆದು ನನ್ನ ಹೆಸರು, ಊರು ಕೇಳಿ ಬರೆದುಕೊಂಡರು. "ಬರ್ಕೊಳ್ದೇ ಇದ್ರೆ ಮನೆಗೆ ಹೋಗೋದ್ರೊಳಗೆ ಮರ್ತುಬಿಡ್ತೀನಿ. ನಿಮ್ಮನ್ನ ಮರೀಬಾರ್ದು ಅನ್ನಿಸ್ತು," ಎಂದರು. ಅವರು ದಾವಣಗೆರೆ ಕಡೆಯವರು, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ನಾವು ಒಂದು ಗಂಟೆ ಮಾತಾಡಿದೆವು. ಇಬ್ಬರೂ ನಿಧಾನವಾಗಿ ಮಾತಾಡುವವರು, ಇಬ್ಬರಿಗೂ ಅವಸರವಿರಲಿಲ್ಲ. ಒಬ್ಬರು ಮಾತು ಹುಡುಕುವಾಗ ಇನ್ನೊಬ್ಬರು ಕಾಯುತ್ತಿದ್ದರು. ಯಾರೂ ನನ್ನ ಬಾಯಿಂದ ಮಾತು ಕಿತ್ತುಕೊಂಡು ಮುಗಿಸದ ಮೊದಲ ಸಂಭಾಷಣೆ ಅದು. ಅಪ್ಪಯ್ಯ ಪಕ್ಕದಲ್ಲಿ ಕೂತು ಒಮ್ಮೆ ಅವರ ತಲೆಯನ್ನು, ಒಮ್ಮೆ ನನ್ನ ತಲೆಯನ್ನು ನೋಡುತ್ತಿದ್ದ.

ಎರಡು ದಿನ ಪರೀಕ್ಷೆ ಮಾಡಿದರು. ಸ್ಕ್ಯಾನ್, ರಕ್ತ, ಕಿವಿ. ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಬಣ್ಣದ ತುಂಡು ಜೋಡಿಸುವುದು, ಒಂದು ಕಥೆ ಕೇಳಿ ಅರ್ಧ ಗಂಟೆಯ ನಂತರ ಹೇಳುವುದು. ಮೂರನೆಯ ದಿನ ಡಾಕ್ಟರು ಕರೆದರು. ನನ್ನದೇ ವಯಸ್ಸಿನ ಹೆಂಗಸು. ಕಂಪ್ಯೂಟರಿನಲ್ಲಿ ನನ್ನ ಮೆದುಳಿನ ಚಿತ್ರವಿತ್ತು. ಹಿಂಭಾಗದಲ್ಲಿ ಕಪ್ಪಗೆ ಒಂದು ಖಾಲಿ ಜಾಗ.

"ಇಲ್ಲಿ ಗೆಡ್ಡೆ ಇತ್ತು," ಎಂದರು. "ಗೆಡ್ಡೆ ಹೋಗಿದೆ. ಅದು ಮತ್ತೆ ಬರಬಾರದು ಅಂತ ಕೊಟ್ಟ ವಿಕಿರಣ ನಿಮ್ಮ ಜೀವ ಉಳಿಸಿದೆ. ಬೆಳೆಯೋ ಮೆದುಳಿಗೆ ಅದರಿಂದ ಪೆಟ್ಟೂ ಬಿದ್ದಿದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯೋ ದಾರಿಗಳು ತೆಳುವಾಗಿವೆ. ಸುದ್ದಿ ಹೋಗ್ತದೆ, ನಿಧಾನಕ್ಕೆ ಹೋಗ್ತದೆ. ಈಗ ತಾನೇ ಕೇಳಿದ್ದು ಕೆಲವು ಸಲ ನಿಲ್ಲೋದಿಲ್ಲ. ನಿಮ್ಮ ತಿಳಿವಳಿಕೆಗೆ ಏನೂ ಆಗಿಲ್ಲ, ಪರೀಕ್ಷೆಯಲ್ಲಿ ಅದು ಚೆನ್ನಾಗಿದೆ."

ನಾನು ಕೇಳಿದೆ: "ಹಂಗಾದ್ರೆ ನಾನು ಸೋಮಾರಿ ಅಲ್ವಾ?"

ಡಾಕ್ಟರು ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಯಾರು ಹಾಗಂದಿದ್ದು? ಬೇರೆಯವರು ಒಂದು ಸಲ ನಡೆಯೋ ದಾರೀನ ನೀವು ನಾಲ್ಕು ಸಲ ನಡೆದು ಇಲ್ಲಿ ತನಕ ಬಂದಿದೀರಿ. ನಿಮ್ಮಷ್ಟು ದುಡಿದ ಮೆದುಳನ್ನ ನಾನು ದಿನಾ ನೋಡೋದಿಲ್ಲ."

ನಾನು ಆ ಚಿತ್ರವನ್ನೇ ನೋಡುತ್ತಿದ್ದೆ. ಆ ಕಪ್ಪು ಜಾಗವನ್ನು ಇಟ್ಟುಕೊಂಡು ನಾನು ನಡೆದಿದ್ದೆ, ಮಾತು ಮರಳಿ ಕಲಿತಿದ್ದೆ, ಗಣಿತ ಪಾಸಾಗಿದ್ದೆ, ಬಸ್ಸು ಹತ್ತಿ ಕೆಲಸಕ್ಕೆ ಹೋಗಿದ್ದೆ. ಉಳಿದ ಭಾಗಗಳು ಯಾರೂ ಹೇಳದೆ, ಯಾರಿಗೂ ತಿಳಿಯದೆ ಅದರ ಕೆಲಸವನ್ನೂ ಹಂಚಿಕೊಂಡು ಮಾಡುತ್ತಿದ್ದವು. ಇಷ್ಟು ವರ್ಷ ನಾನು ಬೈದುಕೊಂಡದ್ದು ಇದನ್ನೇ. ನನಗೆ ದುಃಖವಾಗಲಿಲ್ಲ. ದೇವಸ್ಥಾನದಲ್ಲಿ ಗರ್ಭಗುಡಿಯ ಪರದೆ ಸರಿದಾಗ ಆಗುವಂಥದ್ದು ಏನೋ ಆಯಿತು. ಕೈಮುಗಿಯಬೇಕು ಅನ್ನಿಸಿ, ಡಾಕ್ಟರು ಏನಂದುಕೊಳ್ಳುತ್ತಾರೋ ಎಂದು ಸುಮ್ಮನಾದೆ.

ಹೊರಗೆ ಬಂದು ಕ್ಯಾಂಟೀನಿನಲ್ಲಿ ಕೂತೆವು. ಅಪ್ಪಯ್ಯ ಚಹಾ ಮುಟ್ಟಲಿಲ್ಲ. ಲೋಟ ಪಕ್ಕಕ್ಕೆ ಸರಿಸಿ ಹೇಳಿದ.

"ನಂಗೆ ಗೊತ್ತಿತ್ತು ಮಗಾ."

ನನಗೆ ಅರ್ಥವಾಗಲಿಲ್ಲ.

"ಆ ಮಶೀನಿನ ಲೈಟು ಕೊಡೋದಕ್ಕೆ ಮುಂಚೆ ಹಳೇ ಡಾಕ್ಟ್ರು ಕೂರಿಸಿ ಹೇಳಿದ್ರು. ಮಗು ಬದುಕ್ತದೆ, ಓದು ಹಿಂದೆ ಬೀಳ್ಬೋದು, ಎತ್ತರ ಬೆಳೀದೇ ಇರ್ಬೋದು ಅಂತ. ಬದುಕ್ತಾಳಾ ಅಂತ ಮತ್ತೊಂದ್ಸಲ ಕೇಳ್ದೆ. ಬದುಕ್ಬೋದು ಅಂದ್ರು. ಸೈನ್ ಹಾಕ್ದೆ. ನಿಮ್ಮಮ್ಮಂಗೂ ಹೇಳ್ಲಿಲ್ಲ."

"ಮತ್ತೆ ಎಂತಕ್ಕೆ ದಿನಾ..."

"ಅವ್ರು ಹೇಳಿದ್ದು ಸುಳ್ಳು ಮಾಡ್ಬೇಕಿತ್ತು ನಂಗೆ. ನೀನು ಮಗ್ಗಿ ಸರಿಯಾಗಿ ಹೇಳಿದ ದಿನ, ಸುಳ್ಳಾಯ್ತು ಅನ್ಕೊಂಡು ಮಲಗ್ತಿದ್ದೆ. ಮಾರನೇ ದಿನ ನೀನು ಮರ್ತಿದ್ರೆ, ನನ್ನ ಸೈನೇ ಎದುರಿಗೆ ಬಂದು ನಿಂತ ಹಾಗೆ ಆಗ್ತಿತ್ತು. ಸೋಮಾರಿ ಅಂದ್ರೆ ಸೋಮಾರಿತನ ಬಿಡಿಸ್ಬೋದಲ್ಲ. ಅದಕ್ಕೆ ಅಂದೆ."

ಆ ಕ್ಷಣವೇ ಅಪ್ಪಯ್ಯನನ್ನು ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಎಂದು ಎರಡು ತಿಂಗಳು ಫೋನಿನಲ್ಲಿ ಹೂಂ, ಊಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಅಮ್ಮನಿಗೂ ಆಗಲೇ ಗೊತ್ತಾದದ್ದು. ಅವಳು ಅಪ್ಪಯ್ಯನ ಹತ್ತಿರ ನನಗಿಂತ ಹೆಚ್ಚು ದಿನ ಮಾತು ಬಿಟ್ಟಳು. ಮುಂದೆ ಒಂದು ದಿನ ತೀರ್ಥಹಳ್ಳಿಯಲ್ಲಿ ಸುಧಾಳ ಮನೆಗೆ ಹೋಗಿದ್ದಾಗ ಅವಳ ನಾಲ್ಕು ವರ್ಷದ ಮಗಳಿಗೆ ಜ್ವರ ಬಂದಿತ್ತು. ಬರೀ ಜ್ವರ. ಸುಧಾ ಡಾಕ್ಟರ ಬಾಗಿಲಲ್ಲಿ ಮಗುವನ್ನು ಅವಚಿಕೊಂಡು ನಿಂತ ರೀತಿ ನೋಡಿದೆ. ಎಂಟು ವರ್ಷದ ಮಗಳು ಮಾತಿಲ್ಲದೆ ಮಲಗಿರುವಾಗ, ಕೈಯಲ್ಲಿ ಪೆನ್ನು ಹಿಡಿದು ಒಬ್ಬನೇ ಕೂತಿದ್ದ ನಲವತ್ತರ ಅಪ್ಪಯ್ಯ ನನಗೆ ಆಗ ಕಂಡ. ಆ ಭಾರವನ್ನು ಇಪ್ಪತ್ತು ವರ್ಷ ಯಾರಿಗೂ ದಾಟಿಸದೆ ಹೊತ್ತ. ಹೊತ್ತದ್ದು ತಪ್ಪು. ಆದರೂ ಹೇಗೆ ಹೊತ್ತ ಎಂದು ನನಗೆ ಇಂದಿಗೂ ಬೆರಗು.

ಈಗ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಇಷ್ಟು ವರ್ಷದ ಸುಸ್ತಿಗೆ ಅದೂ ಒಂದು ಕಾರಣವಾಗಿತ್ತು. ಬಲಗಿವಿಗೆ ಮಶೀನು ಹಾಕಿದ ಮೊದಲ ದಿನ ನರ್ಸರಿಯ ಬೇಲಿಯಾಚೆ ಮಡಿವಾಳ ಹಕ್ಕಿ ಕೂಗಿದ್ದು ಕೇಳಿ, ಇದು ಹೊಸದಾಗಿ ಬಂದಿದೆಯಾ ಎಂದು ಕೇಳಿದೆ. ಮೊದಲಿಂದಲೂ ಇದೆ ಎಂದು ಎಲ್ಲರೂ ನಕ್ಕರು. ಸರೋಜಕ್ಕ ಈಗ ಕಡ್ಡಿಯ ಕಟ್ಟಿಗೆ ಬಣ್ಣದ ದಾರ ಕಟ್ಟಿಯೇ ಕೊಡುತ್ತಾರೆ. "ಇನ್ನೊಂದ್ಸಲ ಹೇಳಿ" ಎಂದು ಕೇಳಲು ನನಗೆ ಈಗ ನಾಚಿಕೆಯಿಲ್ಲ. ಮರೆವು ಹಾಗೆಯೇ ಇದೆ. ವಯಸ್ಸಾದಂತೆ ಸ್ವಲ್ಪ ಹೆಚ್ಚಬಹುದು ಎಂದೂ ಡಾಕ್ಟರು ಹೇಳಿದ್ದಾರೆ. ಹೆದರಿಕೆ ಇಲ್ಲವೆಂದಲ್ಲ. ಹೆದರಿಕೆಯಾದ ದಿನ ದಾವಣಗೆರೆಗೆ ಫೋನು ಮಾಡುತ್ತೇನೆ. ಅವರು ನೋಟುಬುಕ್ಕಿನ ಹಾಳೆ ತಿರುವಿ ನನ್ನ ಹೆಸರು ಹುಡುಕುವ ಸದ್ದು ಕೇಳುತ್ತದೆ, ಆಮೇಲೆ "ಹಾಂ, ಶಶಿಕಲಾ" ಎನ್ನುತ್ತಾರೆ.

ಈ ವರ್ಷದ ತಪಾಸಣೆಗೂ ಅಪ್ಪಯ್ಯನೇ ಜೊತೆಗೆ ಬಂದಿದ್ದ. ಹಜಾರದಲ್ಲಿ ನಮ್ಮ ಪಕ್ಕ ಒಬ್ಬ ತಾಯಿ, ಏಳೆಂಟು ವರ್ಷದ ಹುಡುಗಿಯನ್ನು ಕೂರಿಸಿಕೊಂಡಿದ್ದಳು. ಹುಡುಗಿಯ ತಲೆಯಲ್ಲಿ ಕೂದಲಿರಲಿಲ್ಲ, ಹೊಲಿಗೆ ಇನ್ನೂ ಕೆಂಪಗಿತ್ತು. ಮಕ್ಕಳ ವಿಭಾಗದಲ್ಲಿ ಜಾಗವಿಲ್ಲದೆ ಇಲ್ಲಿಗೆ ಬಂದಿದ್ದರು. ನನಗೂ ಇದೇ ಆಗಿತ್ತೆಂದು ತಿಳಿದ ಮೇಲೆ ತಾಯಿ ಧ್ವನಿ ತಗ್ಗಿಸಿ ಕೇಳಿದಳು: "ಮುಂದೆ ಓದ್ತಾಳಾ?"

ನಾನು ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಪ್ಪಯ್ಯ ಮುಂದೆ ಬಗ್ಗಿ ಹೇಳಿದ.

"ಓದ್ತಾಳಮ್ಮ. ನಿಧಾನಕ್ಕೆ ಓದ್ತಾಳೆ. ಹೇಳಿದ್ದು ಮರೀತಾಳೆ, ಮತ್ತೆ ಹೇಳಿ. ಅವಳ ಮೇಲೆ ಸಿಟ್ಟು ಮಾಡ್ಬೇಡಿ. ಶಾಲೇಲೂ ಹೇಳಿಡಿ, ಮನೇಲಿ ಎಲ್ರಿಗೂ ಹೇಳಿ, ಅವಳಿಗೂ ಹೇಳಿ. ಮುಚ್ಚಿಡ್ಬೇಡಿ. ನಂಗೆ ಡಾಕ್ಟ್ರು ಹೇಳಿದ್ರು, ನಾನು ಮುಚ್ಚಿಟ್ಟೆ."

ಆ ತಾಯಿ ತಲೆಯಾಡಿಸಿದಳು. ಮಡಿಲಲ್ಲಿದ್ದ ಹುಡುಗಿ ಇಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳು. ನಾನು ಅವಳಿಗಿಂತ ಸ್ವಲ್ಪವೇ ಎತ್ತರದ ದೊಡ್ಡವಳು, ಅದು ಅವಳಿಗೆ ಬಿಡಿಸಲಾಗದ ಲೆಕ್ಕವಾಗಿತ್ತು ಎಂದು ಕಾಣುತ್ತದೆ.

"ನಿಮಗೆ ಎಷ್ಟು ವಯಸ್ಸು?" ಎಂದು ಕೇಳಿದಳು.

"ಮೂವತ್ತೊಂದು."

ಹುಡುಗಿ ತಾಯಿಯ ಕಡೆ ತಿರುಗಿ, "ಅಮ್ಮಾ, ಮೂವತ್ತೊಂದಂತೆ," ಎಂದಳು.

ತಾಯಿ ನನ್ನ ಕಡೆ ತಿರುಗಿದಳು. ಮುಂದಿನ ತಿಂಗಳಿಂದ ಆಚೆಗೆ ಯೋಚಿಸಲು ಧೈರ್ಯವಿಲ್ಲದ ಮುಖ ಅದು. ನಮ್ಮಮ್ಮನ ಮೇಲೆ ಆ ಮುಖವನ್ನು ನಾನು ಕಂಡಿದ್ದೆ. ಅವಳು ಮಗಳ ತಲೆಯ ಮೇಲೆ, ಹೊಲಿಗೆಗೆ ತಾಗದ ಹಾಗೆ, ಕೈ ಇಟ್ಟಳು. ತುಟಿ ಮಾತ್ರ ಅಲುಗಿತು. ಶಬ್ದ ಕೇಳಿಸಲಿಲ್ಲ, ಆದರೆ ಏನು ಹೇಳಿಕೊಂಡಳೆಂದು ನನಗೆ ತಿಳಿಯಿತು.

ಮೂವತ್ತೊಂದು.